ಜೂರಿ ಕೇಳಿದ್ರ ಜರಿ ಅಂದ್ರು

...ಅಲ್ಲಲೇ, ಜೈಲಿಗೆಲ್ಲಿ ಹೋಗಿದ್ದೆ, ಜೈಲಿನ ಬಾಗಲ ನೋಡಿ ಬಂದೆ ಅಷ್ಟ! ನಿಮ್ಮಜ್ಜಿ ಬಾಯಿಗೆ ಬಂದಂಗ ಹೇಳ್ತಾಳ, ಕೇಳಬ್ಯಾಡ್ರಿ. ನಿಜಾಮನ ಕಾಲ ಅದು. ಗದ್ವಾಲದಾಗ ನನ್ನಂಗ ಜರಿ ದಡಿ ನೇಯಾವ ಇನ್ನೊಬ್ಬ ಇದ್ದಿಲ್ಲ, ಇದ್ದ ಅಂತ ಯಾವನಾರ ಅಂದ್ರ ಕರಕೊಂಡ್ ಬರ್ರಿ ನನ್ ಮುಂದ. ಸಾವಕಾರ ಜರಿ ಕೊಡ್ತಿದ್ದ, ನಾವು ಮನ್ಯಾಗ ಸೀರಿ ನೇಯ್ದು ಕೊಡ್ತಿದ್ವಿ. ಒಂದ್ ಸಲ ಏನಾತು, ಲೆಕ್ಕದಾಗ ಜರಿ ನೂಲಿನ ಒಂದು ಉಂಡಿ ಕಡಿಮಿ ಬಂತು. "ನರಸ್ಯಾನ ಕದ್ದಾನ" ಅಂತ ಸಾವಕಾರ ಅದಾಲತ್ತಿನಾಗ ಖಟ್ಲೆ ಹಾಕಿಬಿಟ್ಟ. ನಾ ಕದ್ದಿದ್ದಿಲ್ಲ. ಆ ಉಂಡಿ ಆಮ್ಯಾಗ ಅವನ ಗಾದಿ ಕೆಳಗ ಸಿಕ್ತು, ಅದು ಬ್ಯಾರೆ ಮಾತು. ಆದ್ರ ಕಳ್ಳ ಅಂತ ಹೆಸರು ಬಿದ್ದವನ ಕೈಗೆ ಜರಿ ಯಾರು ಕೊಡ್ತಾರ? ಮಗ್ಗ ಸುಟ್ಟು ನೀರು ಕಾಸಬೇಕು ಅಷ್ಟ.

ಆವಾಗ ನಮ್ಮ ಭಾವ, ಅಂದ್ರ ನಿಮ್ಮಜ್ಜಿ ಅಣ್ಣ, ಸೀರಿ ಮಾರಾಕ ಹೊಳಿ ದಾಟಿ ಇಂಗ್ಲಿಷರ ಕರ್ನೂಲು ಕಡಿ ತಿರುಗಾಡಿದಾವ, ದೊಡ್ಡ ಶಾಣ್ಯಾ. ಅವ ಅಂದ, "ನರಸಪ್ಪ, ಇಂಗ್ಲಿಷರ ರಾಜ್ಯದಾಗ ಜಡ್ಜ ಒಬ್ಬಂದ ಮಾತು ನಡಿಯಂಗಿಲ್ಲ. ದೊಡ್ಡ ಖಟ್ಲೆ ಬಂದ್ರ ಐದು ಮಂದೀನ ಕರದು ಕುಂದ್ರಸ್ತಾರ, ಇವ ಕಳ್ಳನೋ ಅಲ್ಲೋ ಅಂತ ಅವರ ಹೇಳಬೇಕು. ಅದಕ ಜೂರಿ ಅಂತಾರ. ನೀನೂ ಕೇಳು, ನಿನ್ನ ಹಕ್ಕದು!" "ಇಲ್ಲಿ ಕೊಡ್ತಾರೇನ್ರಿ ಭಾವ?" "ಕೇಳಿದ್ರ ಹಲ್ಲು ಉದುರ್ತಾವೇನಲೇ?"

ಖಟ್ಲೆ ದಿನ ಬಂತು. ತೀರ್ಪು ಹೇಳಾ ಮುನ್ಸಿಫ್ ಸಾಹೇಬ್ರಿಗೆ ಉರ್ದು ಬಿಟ್ರ ಬ್ಯಾರೆ ಬರಂಗಿಲ್ಲ. ನಂದು ಕನ್ನಡ ಆತು, ತೆಲುಗು ಆತು, ಉರ್ದು ಅಂದ್ರ ಬಜಾರದ್ದು ಅಷ್ಟ. ಆದ್ರೂ ಎದಿ ಸೆಟಿಸಿ ಒದರಿದೆ ನೋಡ್ರಿ, "ಹುಜೂರ್! ಮೇರೆಕು ಜೂರಿ ಹೋನಾ!" ನನಗ ಜೂರಿ ಬೇಕು ಅಂತ. ಸಾಹೇಬರ ಬಾಜೂಕ ಬರಕೊಂತ ಕುಂತಿದ್ದ ಪೇಶ್ಕಾರಂಗ ಕಿವಿ ಮಂದ. ಅವ "ಜರಿ ಹೋನಾ" ಅಂತ ಕೇಳಿಸ್ಕೊಂಡು ಹಂಗ ಸಾಹೇಬರಿಗೆ ಹೇಳ್ದ. ಸಾಹೇಬರು ಕಣ್ ಅಗಲ ಮಾಡಿ, "ಅರೇ! ತಗಂಡು ಹೋಗಿದ್ದು ಸಾಲಲಿಲ್ಲೇನು, ಇನ್ನಾ ಜರಿ ಬೇಕಂತ ಇವಂಗ!" ಇಡೀ ಅದಾಲತ್ತು ಘೊಳ್ ಅಂತ ನಕ್ತು. ನಾನು "ಜರಿ ಅಲ್ರೀ, ಜೂರಿ, ಜೂ...ರಿ!" ಅಂತ ತುಟಿ ಉದ್ದ ಮಾಡಿದಷ್ಟೂ ಮಂದಿ ಹೊಟ್ಟಿ ಹಿಡಕೊಂಡು ನಗಾಕ ಹತ್ತಿದ್ರು. ಕಡೀಗೆ ನನ್ನ ಕಡಿ ವಕೀಲ ಎದ್ದು ಬಿಡಿಸಿ ಹೇಳ್ದ. ಸಾಹೇಬರು ಕಣ್ಣೀರು ಒರಸ್ಕೊಂಡು, "ನಿಜಾಮರ ರಾಜ್ಯದಾಗ ಜೂರಿ ಗೀರಿ ಇಲ್ಲ, ತೀರ್ಪು ನಂದ. ಆದ್ರ ಇಷ್ಟು ನಗಸೀದಿ. ಹೊರಗ ನಿಂತಿರೋ ನಿಮ್ಮ ಓಣಿಯವರನ್ನ ಐದಾರು ಮಂದಿ ಕರಿ, ಅವರದೂ ಒಂದ್ ಮಾತು ಕೇಳ್ತೀನಿ."

ಹೊರಗ ಬಂದು ನೋಡ್ತೀನಿ, ಯಪ್ಪಾ! ಬೇವಿನ ಗಿಡದ ಕೆಳಗ ತಮಾಷಿ ನೋಡಾಕ ನಿಂತವರು ಒಬ್ಬೊಬ್ಬರೂ ನನ್ನ ಕೈಲೆ ಬೈಸ್ಕೊಂಡವರ! ಮಗ್ಗಲ ಮನಿ ಈರಣ್ಣನ ದಡೀನಂತೂ "ಎತ್ತು ಉಚ್ಚಿ ಹೊಯ್ದಂಗ ಸೊಟ್ಟಪಟ್ಟ ಐತಿ" ಅಂತ ಸಂತ್ಯಾಗ ನಿಂತು ಅಂದಿದ್ದೆ. ಐತಿ ಅಂದ್ರ ಹಂಗ ಇತ್ತು ಬಿಡ್ರಿ, ಸುಳ್ಳಲ್ಲ. ಒಳಗ ಹೋಗಿ ಮೊದಲು ಬಾಯಿ ತೆಗದಾವ ಅವನ! ಅವ ಅಂದಿದ್ದನ್ನ ವಕೀಲ ಉರ್ದೂದಾಗ ಹೇಳ್ತಿದ್ದ. "ಹುಜೂರ್, ಇವಂಗ ಸೊಕ್ಕು ಬಾಳ. ನಾಕು ದಿನ ಒಳಗ ಹಾಕಿದ್ರ ನಮ್ಮ ಓಣಿ ತಣ್ಣಗಿರ್ತೈತಿ." ಸತ್ನೆಪ್ಪೋ ಅಂದೆ. "ಆದ್ರ ಕಳುವು? ಇವನ ಕೈಯಾಗ ಒಂದು ಎಳಿ ಜರಿ ಹೆಚ್ಚಿಗಿ ಇದ್ರ ಗದ್ವಾಲ ತುಂಬ ತೋರಿಸ್ಕೊಂತ ತಿರುಗ್ತಿದ್ದ. ಮುಚ್ಚಿಡಾದು ಇವನ ಜಾತಕದಾಗ ಇಲ್ರಿ!" ಉಳಿದವರೂ "ಹೌದ್ರಿ ಹೌದು, ಸೊಕ್ಕಿನವ, ಕಳ್ಳ ಅಲ್ಲ!" ಸಾಹೇಬರು ಸಾವಕಾರನ ಕಡಿ ತಿರುಗಿ, "ನಿನ್ನ ಸಾಕ್ಷಿ ಎಲ್ಲಿ?" ಅವ ಮುಕಳಿ ತುರಿಸ್ಕೊಂತ ನಿಂತ. "ಬಿಡ್ರಿ ಇವನ್ನ" ಅಂದ್ರು ಸಾಹೇಬರು.

ಅದಕ ಹೇಳ್ತೀನಿ, ನೆರಿಯವರ ಜೋಡಿ ಜಗಳ ಆಡ್ರಿ, ಬೇಕಾದಷ್ಟು ಆಡ್ರಿ, ಆದ್ರ ಬೆನ್ನ ಹಿಂದ ಅಲ್ಲ, ಮಾರಿ ಮುಂದ ಆಡ್ರಿ. ನೀವು ಎಂಥವರು ಅಂತ ಅವರಿಗೆ ಗೊತ್ತಿರ್ಲಿ. ಏಳ್ರಿ, ಕೈ ತೊಳಕೊಳ್ರಿ, ರೊಟ್ಟಿ ಆರ್ತಾವ.