ಬೀರವ್ವಗ ಹಾಲು ಬಂದದ್ದು

ಹಂಗ ಅವಸರ ಮಾಡಬ್ಯಾಡ ತಂಗಿ. ನಮ್ಮ ಹಟ್ಟಿ ಎಲ್ಲೂ ಓಡಿ ಹೋಗೂದಿಲ್ಲ, ಆ ಕಬ್ಬಿನ ಹೊಲ ದಾಟಿದ್ರ ಅಲ್ಲೇ ಐತಿ. ಮೊದಲ ಈ ಕಲ್ಲಿನ ಮ್ಯಾಲ ಕುಂಡ್ರು... ಹೌದು, ನಾನ ಧೋಂಡಿಬಾ. ಕುರಿ ಧೋಂಡಿಬಾ ಅಂದ್ರ ನೇಸರಿಯಾಗ ಯಾರರ ಹೇಳತಾರ. ನೀ ಯಾರು ಅಂತ ಹೇಳೂದ ಬ್ಯಾಡ. ಎಸ್.ಟಿ. ಬಸ್ಸ ಇಳದು ನಾಕ ಹೆಜ್ಜಿ ಹಾಕಿದಿ, ಅಷ್ಟರಾಗ ಗುರತ ಹತ್ತಿತು. ಯಮನಿನೂ ಹಿಂಗ ನಡೀತಾಳ, ಬಲಗಾಲು ಒಂಚೂರು ಹೊರಗ ಹಾಕಿ.

ಯಮನಿ ಅಂದ್ರ... ಯಮುನಾ. ನಾವು ಇಟ್ಟ ಹೆಸರು. ನೀ ಏನ ಇಟ್ಟಿದ್ದಿ ಅಂತ ನಮಗ ಹೆಂಗ ಗೊತ್ತಾಗಬೇಕು.

ನಿನಗ ಅಕಿ ಸುದ್ದಿ ಹೇಳಿದಾವ ಯಾರು ಅನ್ನೂದೂ ಗೊತ್ತೈತಿ. ಸಾತಪ್ಪ, ಇಚಲಕರಂಜಿಯಾಗ ಮಗ್ಗ ನಡಸಾವ. ಹ್ವಾದ ವಾರ ನಮ್ಮ ಹಟ್ಟಿಗೆ ಕಂಬಳಿ ತಗೊಳ್ಳಾಕ ಬಂದಿದ್ದ. ಹುಡುಗಿನ್ನ ನೋಡಿದ, ಮತ್ತ ನೋಡಿದ, 'ನಮ್ಮ ಓಣಿ ಚೆನ್ನವ್ವನ ಮಾರಿನ ತಂದು ಇಟ್ಟಂಗ ಐತಿ' ಅಂದ. ಅವತ್ತ ತಿಳೀತು ನೀ ಬರತಿ ಅಂತ. ನಾಕ ದಿನಾ ಆತು, ಕುರಿ ಮಂದಿ ಕೈಯಾಗ ಕೊಟ್ಟು ಇಲ್ಲೇ ನಿಂತೇನಿ. ಬರೂ ಬಸ್ಸ, ಹೋಗೂ ಬಸ್ಸ, ಎಲ್ಲಾ ನೋಡಾಕತ್ತೇನಿ.

ಯಾಕಂದ್ರ, ನೀ ಸೀದಾ ಹಟ್ಟಿಗೆ ಹೋಗಬಾರದು ಅಂತ. ಅಲ್ಲಿ ಬೀರವ್ವ ಅದಾಳ, ನನ್ನ ಹೆಂಡತಿ. ಈ ಹೊತ್ತಿಗೆ ರೊಟ್ಟಿ ಬಡೀತಿರತಾಳ, ಹುಡುಗಿ ಬಗಲಾಗ ಕುಂತು ಬಿಸೀದು ಕೇಳತಿರತೈತಿ. ಬೀರವ್ವಗ ಏನೂ ಗೊತ್ತಿಲ್ಲ. ಅಕಿಗೆ ನಾ ಹೇಳಿದ್ದನ್ನ ನಿನಗೂ ಹೇಳತೇನಿ. ಪೂರಾ ಕೇಳು. ಆಮ್ಯಾಲ ನಿನ್ನ ಮನಸ.

ಎಂಟು ವರ್ಷದ ಹಿಂದ, ಆ ದೊಡ್ಡ ಜ್ವರ ಬಂದಿತ್ತಲ್ಲ, ಮನಿಗೊಬ್ಬರು ಮಲಗಿದ್ರು ನೋಡು, ಆ ವರ್ಷ ನಮ್ಮ ಕುರಿ ಗಡಹಿಂಗ್ಲಜದ ಹತ್ತರ ಹೊಳಿದಂಡ್ಯಾಗ ತಂಗಿದ್ವು. ಲಗ್ನ ಆಗಿ ಹನ್ನೆರಡು ವರ್ಷಕ್ಕ ಬೀರವ್ವಗ ಒಂದ ಹೆಣ್ಣು ಹುಟ್ಟಿತ್ತು. ಇಪ್ಪತ್ತ ದಿನಾ ಇತ್ತು. ಜ್ವರಾ ಬಂದು ಎರಡ ದಿನದಾಗ ಹ್ವಾತು. ನನ್ನ ಕೈಲೇ ಮಣ್ಣ ಮಾಡಿದ್ನಿ. ಬೀರವ್ವ ಅಳಲಿಲ್ಲ ತಂಗಿ. ಅತ್ತಿದ್ರ ಬೇಶ ಇತ್ತು. ಬಾಯಿ ಬಿಡಲಿಲ್ಲ, ಅನ್ನ ಮುಟ್ಟಲಿಲ್ಲ, ಹಾಲೂ ಬತ್ತಿ ಹ್ವಾತು. ಇಕೀನೂ ಕೂಸಿನ ಹಿಂದ ಹೋಗತಾಳ ಅಂತ ತಿಳದಿದ್ನಿ.

ಹನ್ನೊಂದನೇ ದಿನಾ ತಪ್ಪಿದ ಒಂದ ಕುರಿ ಹುಡುಕೋತ ಹೊಳಿದಂಡಿಗುಂಟ ಹೊಂಟಿದ್ನಿ. ಒಂದ ಗಿಡದ ಕೆಳಗ ಕೂಸು. ಒಂದ ಕೂಸು, ಅಷ್ಟ. ಕೂಗಿದ್ನಿ, ಯಾರೂ ಇಲ್ಲ. ಕುಂತು ಹಾದಿ ಕಾದ್ನಿ, ಯಾರೂ ಬರಲಿಲ್ಲ. ಎತ್ತಿಕೊಂಡು ಬಂದು ಬೀರವ್ವನ ಮಡ್ಲಾಗ ಹಾಕಿದ್ನಿ. ಕೂಸು ಬಾಯಿ ಹಚ್ಚಿ ಜಗ್ಗಿತು. ಒಣಗಿದ ಎದಿ. ಮರುದಿನಾ ಊಟದ ಹೊತ್ತಿಗೆ ಬೀರವ್ವ ಒಮ್ಮಿಗೇ ಹೋ ಅಂತ ಅಳಾಕ ಹತ್ತಿದಳು. ಏನಾತಂತ ನೋಡಿದ್ರ ಕುಪ್ಪಸ ಪೂರಾ ಒದ್ದಿ. ಹಾಲು.

ಈಗ ನೀ ಹೇಳು. ಯಾರು ಕೊಟ್ಟರು ಅದನ್ನ? ಡಾಕ್ಟರ ಬಂದಿಲ್ಲ, ಔಷಧ ಇಲ್ಲ. ಯಾರದೋ ಕೂಸು, ಯಾರದೋ ಎದಿ. ಎರಡನ್ನೂ ತಂದು ಜೋಡಸಾಕ ಬೀರದೇವರ ಬೇಕು. ನಡುವ ದೇವರು ಇರಲಾರದ, ಒಬ್ಬ ಮನಶ್ಯಾಗ ಇನ್ನೊಬ್ಬ ಮನಶ್ಯಾ ಹೆಂಗ ತನ್ನಾವ ಆಗತಾನ?

...ನಂಬಿಕಿ ಬರವಲ್ದೇನು?

ನಮ್ಮ ಸಾಲಿ ಮಾಸ್ತರನೂ ನಂಬಲಿಲ್ಲ. ಕುಂಥುನಾಥ ಮಾಸ್ತರ, ನಾಂದಣಿ ಕಡ್ಯಾವ. ಜೈನರಾವ ನೋಡು, ಜಗತ್ತ ಮಾಡಿದ ದೇವರಂತ ನಮ್ಮಲ್ಲಿಲ್ಲ ಅಂತಾನ. 'ಧೋಂಡಿಬಾ, ಕೂಸು ಜಗ್ಗಿದ್ರ ಮೈಗೆ ಹಾಲು ಬರತೈತಿ, ಅದು ಮೈಯಿನ ಗುಣ' ಅಂದ. ನನಗ ಸಿಟ್ಟ ಬಂತು. ಹಂಗಾರ ಆ ಹುಡುಗಿ ನನ್ನ ಗಡ್ಡದಾಗ ಕೈ ಇಟ್ಟ ಹೊರತು ಯಾಕ ಮಲಗೂದಿಲ್ಲ, ಅದೂ ಮೈಯಿನ ಗುಣಾನ ಏನ್ರಿ ಅಂದ್ನಿ. ಅವ ನಕ್ಕು ಎದ್ದ ಹ್ವಾದ. ನಾ ಗೆದ್ದೆ ಅಂತ ತಿಳಕೊಂಡ್ನಿ. ಆದ್ರ ಆ ರಾತ್ರಿ ನಿದ್ದಿ ಬರಲಿಲ್ಲ.

ನೀ ಮಗ್ಗದ ಮನ್ಯಾಕಿ, ಕುರಿ ಸಾಕಿಲ್ಲ. ನಿನಗ ಇದು ಗೊತ್ತಿರಾಕಿಲ್ಲ. ಕುರಿ ಮರಿ ಸತ್ತರ, ನಾವು ಸತ್ತ ಮರಿ ತೊಗಲು ಸುಲದು ತಬ್ಬಲಿ ಮರಿ ಮ್ಯಾಲ ಹೊದಸತೇವಿ. ಕುರಿ ಮೂಸತೈತಿ. ತನ್ನ ಮರಿ ವಾಸನಿ ಬರತೈತಿ, ಮೊಲಿ ಕೊಡತೈತಿ. ನಾಕ ದಿನಕ್ಕ ತೊಗಲು ತಗದ್ರೂ ಆ ಮರೀನ್ನ ಬಿಡೂದಿಲ್ಲ, ನಾಯಿ ಬಂದ್ರ ಅಡ್ಡ ನಿಂದರತೈತಿ. ಅದು ಸುಳ್ಳು ಪ್ರೀತಿ ಏನ? ಅಲ್ಲ. ಖರೇನ. ಆದ್ರ ಅದನ್ನ ಕೂಡಿಸಿದ್ದು ದೇವರಲ್ಲ, ನನ್ನ ಚೂರಿ.

ನಮ್ಮ ಕೂಸಿಗೆ ಹೊದಸಿದ ಕಂಬಳಿ ತುಂಡು ನನ್ನ ಚೀಲದಾಗ ಇತ್ತು. ಒಗ್ಯಾಕ ಮನಸ ಆಗಿರಲಿಲ್ಲ. ಅವತ್ತು ಅದನ್ನ ಸುತ್ತಿ ಕೂಸನ್ನ ಬೀರವ್ವಗ ಕೊಟ್ಟೆ. ನಿನ್ನ ಕೂಸಿನ ತಲಿ ಮ್ಯಾಲಿನ ಹಸರ ಕುಂಚಗಿ ಬಿಚ್ಚಿ ಹೊಳ್ಯಾಗ ಬಿಟ್ಟೆ.

ಹೌದು, ಅದನ್ನೂ ನಾನ ಮಾಡೀನಿ. ಆ ಕುಂಚಗಿ ಹೊಳಿ ಕೆಳಗಡೆ ಒಂದ ಕಲ್ಲಿಗೆ ಸಿಕ್ಕಿತ್ತಂತ. ಅದನ್ನ ನೋಡಿ ಮಂದಿ ನೀನ ಕೂಸು ಹೊಳಿಗೆ ಒಗದಿ ಅಂದ್ರಂತ. ನಿನ್ನ ಗಂಡ ಗುರಣ್ಣ ಮನಿಯಿಂದ ಹೊರಗ ಹಾಕಿದನಂತ. ಗಡಹಿಂಗ್ಲಜ ಬಾಜಾರದಾಗ ಎಲ್ಲಾ ಕೇಳಿದ್ನಿ. ಕೇಳಿ, ಕುರಿ ಹೊಡಕೊಂಡು ಇತ್ತ ನೇಸರಿ ಕಡೆ ಬಂದಬಿಟ್ನಿ. ಇದು ನನ್ನ ತಪ್ಪು. ಒಪ್ಪತೇನಿ. ಆದ್ರ ಕೂಸು ಎತ್ತಿಕೊಂಡಾಗ ನನಗೇನ ಗೊತ್ತಿತ್ತು? ಗಿಡದ ಕೆಳಗ ಕೂಸು ಒಂದ ಇತ್ತು...

ಯಾಕ? ತಲಿ ಯಾಕ ಅಲ್ಲಾಡಸ್ತಿ? ನಿನಗ ಜ್ವರಾ ಇತ್ತು. ಅಂಥಾ ಜ್ವರದಾಗ ಯಾರಿಗೆ ಏನ ನೆನಪಿರತೈತಿ?

ಆತು. ನೀನೂ ಇದ್ದಿ. ತವರಮನಿಗೆ ಹೊಂಟಾಕಿ ಹಾದ್ಯಾಗ ಬಿದ್ದಿದ್ದಿ. ಜೀವಾ ಹೋಗೇತಿ ಅಂತ ತಿಳದ್ನಿ. ಸತ್ತ ತಾಯಿ ಮಗ್ಗಲಾಗಿನ ಕೂಸು ಎತ್ತಿಕೊಂಡ್ರ ಪಾಪ ಏನು?

...

ಹಂಗ ನೋಡಬ್ಯಾಡ ಚೆನ್ನವ್ವಾ. ಬೈ ಬೇಕಾರ. ಆ ಕಲ್ಲ ತಗೊಂಡು ಒಗಿ. ಹಂಗ ಮಾತ್ರ ನೋಡಬ್ಯಾಡ. ಅವತ್ತೂ ಹಿಂಗ ನೋಡಿದ್ದಿ.

'ಅಣ್ಣಾ' ಅಂದಿ. 'ಅಣ್ಣಾ, ಜರಾ ಕೂಸು ಹಿಡಿ. ಬಾಯಿ ಆರೇತಿ, ನೀರ ತಂದ ಕೊಡು' ಅಂದಿ. ಹೆಸರ ಕೇಳಲಿಲ್ಲ, ಊರ ಕೇಳಲಿಲ್ಲ. ಎರಡೂ ಕೈಲೆ ಎತ್ತಿ ಕೊಟ್ಟಿ. ನಿನ್ನ ಕೈ ಸುಡತಿತ್ತು. ಎಂಟು ವರ್ಷ ಬೀರವ್ವನ ಹಾಲಿನಾಗ ದೇವರ ಅದಾನ ಅಂತ ಮಂದಿಗೆಲ್ಲಾ ಹೇಳಕೋತ ಬಂದೇನಿ. ಆ ದೇವರು ನನ್ನ ಹತ್ತರ ಯಾವಾಗರ ಬಂದಿದ್ರ, ನೀ ಕೂಸು ಕೊಟ್ಟಾಗ ಬಂದಿದ್ದ, ಆ ಗಿಡದ ಕೆಳಗ. ಅದು ನನಗ ಅವತ್ತ ಗೊತ್ತಾಗಿತ್ತು ತಂಗಿ. ಗೊತ್ತಾಗಿನೂ...

ಹೊಳಿ ಹತ್ತ ಹೆಜ್ಜಿ ಇತ್ತು. ಕೂಸು ಹಿಡಕೊಂಡ ಹ್ವಾದ್ನಿ. ನೀರಿಗೆ ಬಗ್ಗಲಿಲ್ಲ. ದಂಡಿಗುಂಟ ಹಂಗ ನಡದ್ನಿ. 'ಕಂಬಳಿ ಹೊದ್ದ ಅಣ್ಣ ನೀರಿಗೆ ಹೋಗ್ಯಾನ, ಬರತಾನ' ಅಂತ ನೀ ಹೇಳಿದ್ದನ್ನ ಜ್ವರದ ಬಡಬಡಿಕಿ ಅಂತ ಯಾರೂ ನಂಬಲಿಲ್ಲಂತ. ಅದನ್ನೂ ಬಾಜಾರದಾಗ ಕೇಳಿದ್ನಿ. ನಂಬಲಿಲ್ಲಲಾ, ಪಾರಾದ್ನಿ ಅಂತ ಉಸರ ಬಿಟ್ನಿ.

ಏಳು. ನಾ ಮುಂದ ಹೋಗತೇನಿ, ಬೀರವ್ವಗ ನಾನ ಹೇಳತೇನಿ. ಅಕಿನ್ನ ಏನೂ ಅನಬ್ಯಾಡ, ಅಕಿ ಹಾಲ ಕೊಟ್ಟಾಕಿ ಅಷ್ಟ. ಹುಡುಗಿ ಅಳತೈತಿ. ಅತ್ತರ ನೀ ಗಾಬರಿ ಆಗಬ್ಯಾಡ...

ಯಾಕ ಏಳವಲ್ಲಿ? ಎಲ್ಲಾ ಹೇಳಿದ್ನೆಲ್ಲ. ಇನ್ನೇನ ಉಳದೈತಿ?

...ತಿರುಗಿ ನೋಡಿದೇನು ಅಂತೀಯೇನ? ಹೂಂ. ನೋಡಿದ್ನಿ. ಒಂದ ಸಲ ತಿರುಗಿ ನೋಡಿದ್ನಿ. ನೀ ಕಣ್ಣ ಮುಚ್ಚಿದ್ದಿ. ಕೈ ಮಾತ್ರ ಚಾಚಿಕೊಂಡ ಇದ್ದಿ, ನೀರಿಗೆ ಬೊಗಸಿ ಮಾಡಿ.