ಬಾಗಿಲು ತೆರೆಯದ ಕಾರು

ಇವತ್ತು ಮಠದ ಅಂಗಳದಲ್ಲಿ ಕಾರುಗಳು ಸಾಲಾಗಿ ನಿಂತಿವೆ. ನೋಡಿ ಸಂತೋಷವಾಯಿತು. ನನ್ನನ್ನೂ ಒಬ್ಬರು ದೊಡ್ಡ ಕಾರಿನಲ್ಲೇ ಕರೆತಂದರು. ಸೀಟು ಬಹಳ ಮೆತ್ತಗಿತ್ತು, ಸುಳ್ಳು ಯಾಕೆ ಹೇಳಲಿ? ಆ ಸೀಟಿನಲ್ಲಿ ಕುಳಿತಾಗಲೇ ಈ ದೃಷ್ಟಾಂತ ನೆನಪಾಯಿತು. ಆತುರಪಡಬೇಡಿ, ಪ್ರಸಾದ ಎಲ್ಲಿಗೂ ಓಡಿಹೋಗುವುದಿಲ್ಲ.

ಒಂದೂರು. ಆ ಊರಿಗೊಬ್ಬ ಸಾಹುಕಾರ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವೆಲ್ಲ ಪಕ್ಕದವರ ಮುಖ ನೋಡುತ್ತೀರಿ. ಹೇಳದೆ ಬಿಟ್ಟರೆ ಒಂದು ಸಲವಾದರೂ ನಿಮ್ಮನ್ನು ನೀವು ನೋಡಿಕೊಳ್ಳುತ್ತೀರಿ.

ಅವನ ಮನೆ ಹಳೇ ಪೇಟೆಯ ಒಂದು ಓಣಿಯ ಕೊನೆಗೆ. ಅದರಾಚೆ ದಾರಿ ಇಲ್ಲ. ಓಣಿಯ ಇನ್ನೊಂದು ತುದಿಗೆ ಅಗಸಿ, ಅಂದರೆ ಊರ ಹೆಬ್ಬಾಗಿಲು. ಎರಡೂ ಕಡೆ ಚಪ್ಪಟೆ ಸೂರಿನ ಮಣ್ಣಿನ ಮಾಳಿಗೆ ಮನೆಗಳು, ಒಂದರ ಮೈಗೆ ಒಂದು ಅಂಟಿಕೊಂಡವು. ಪ್ರತಿ ಮನೆಯ ಮುಂದೆ ಕೂಡಲು ಗೇಣಗಲದ ಗಿಡ್ಡ ಕಲ್ಲಿನ ಕಟ್ಟೆ. ಸಂಜೆಯಾದರೆ ಆ ಕಟ್ಟೆಗಳ ಮೇಲೆ ಇಡೀ ಓಣಿ ಕೂತಿರುತ್ತಿತ್ತು. ಸಾಹುಕಾರನ ತಾಯಿ ಪಕ್ಕದ ಮನೆ ಸಂಕವ್ವನ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಅಷ್ಟು ದೂರ ಮಾತ್ರ ಅವಳ ಮೊಣಕಾಲು ನಡೆಯುತ್ತಿದ್ದವು.

ಆ ತಾಯಿಗೆ ಒಬ್ಬಳೇ ಅಕ್ಕ. ಪಕ್ಕದ ಹಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದಳು. ತಾಯಿ ಒಂದು ದಿನ ಮಗನಿಗೆ ಹೇಳಿದಳು: "ತಮ್ಮಾ, ಅಕ್ಕನ ಮಾರಿ ಒಮ್ಮೆ ನೋಡಬೇಕು. ಅಗಸಿ ತನಕ ನಡ್ಯಾಕ ನನ್ನ ಕೈಲೆ ಆಗಂಗಿಲ್ಲ. ಯಾವ ಗಾಡಿನರ ತಗೋ, ಹೊಸ್ತಿಲ ತನಕ ಬರುವಂಥದು ತಗೋ."

ಕೇಳಿದಿರಲ್ಲ? ಮೆತ್ತನೆಯ ಸೀಟು ಕೇಳಲಿಲ್ಲ, ತಣ್ಣನೆಯ ಗಾಳಿ ಕೇಳಲಿಲ್ಲ. ಹೊಸ್ತಿಲ ತನಕ ಬರಬೇಕು, ಅಷ್ಟೇ.

ಗಂಡ ಹೆಂಡತಿ ಶೋರೂಮಿಗೆ ಹೋದರು. ಅಲ್ಲಿ ಒಂದು ಸಣ್ಣ ಹ್ಯಾಚ್‌ಬ್ಯಾಕ್ ಇತ್ತು. ಅದರ ಪಕ್ಕದಲ್ಲಿ ಉದ್ದನೆಯ ಸೆಡಾನ್. ಕರಿ ಬಣ್ಣ, ತಲೆಯ ಮೇಲೆ ಗಾಜು, ಕೂತರೆ ಆಕಾಶ ಕಾಣುತ್ತಿತ್ತು. ಹೆಂಡತಿ ಸಣ್ಣದರ ಮೇಲೆ ಕೈಯಿಟ್ಟು ಅಂದಳು: "ಇದನ್ನ ತಗೋರಿ. ನಮ್ಮ ಓಣ್ಯಾಗ ಮಾಸ್ತರ್ರ ಸಣ್ಣ ಕಾರು ದಿನಾ ಬರ್ತೈತಲ್ಲ, ಇದೂ ಬರ್ತೈತಿ. ಅತ್ತಿ ಹೊಸ್ತಿಲದಾಗ ಹತ್ತತಾರ."

"ಮಾಸ್ತರ ಕಾರಿನಂಥದು ನಾ ತಗೊಂಡ್ರ ನನಗೂ ಮಾಸ್ತರಗೂ ಏನ್ ಫರಕ?" ಅಂದ ಸಾಹುಕಾರ. ನೋಡಿ, ಕಾರು ತೆಗೆದುಕೊಳ್ಳಲು ಹೋದವನು ಫರಕು ತೆಗೆದುಕೊಂಡು ಬಂದ.

ದೊಡ್ಡ ಕಾರು ಊರಿಗೆ ಬಂತು. ಓಣಿಯೊಳಗೆ ಹಿಡಿಸದೆ ಅಗಸಿಯಲ್ಲೇ ನಿಂತಿತು. ಜನ ಬಂದು ನೋಡಿದರು. ಎಂಥ ಬೆರಗು ಅಂತೀರಿ! ಒಬ್ಬಾಕೆ ಚಪ್ಪಲಿ ಬಿಟ್ಟು, ಅದನ್ನು ಮುಟ್ಟಿ, ಆ ಕೈ ಕಣ್ಣಿಗೊತ್ತಿಕೊಂಡಳು. ಇನ್ನೊಬ್ಬ ಅದರ ಮೈಯಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡ. ಸಾಹುಕಾರ ಓಣಿಯವರನ್ನು ಕೇಳಿದ: "ನಿಮ್ಮ ಕಟ್ಟಿ ಒಡದ್ರ ಗಾಡಿ ಮನಿ ತನಕ ಬರ್ತೈತಿ. ಏನಂತೀರಿ?"

ಯಾರಾದರೂ ಒಪ್ಪುತ್ತಾರೆಯೇ? ಒಪ್ಪಿದರು! "ಇಂಥಾ ಗಾಡಿ ನಮ್ಮ ಓಣಿಗೆ ಬರ್ತೈತಂದ್ರ ಕಟ್ಟಿ ಏನ್ ದೊಡ್ಡದ್ರೀ ಸಾವ್ಕಾರ್ರ" ಎಂದು ತಾವೇ ಹಾರೆ ಹಿಡಿದರು. ಅಜ್ಜನ ಕಾಲದ ಕಲ್ಲುಗಳು. ಮದುವೆ ಮಾತು ಆಡಿದ ಕಲ್ಲು, ಸತ್ತವರಿಗಾಗಿ ಅತ್ತ ಕಲ್ಲು. ಎಲ್ಲ ಕಿತ್ತು ಒಗೆದರು. ಸಂಕವ್ವನ ಕಟ್ಟೆ ಮಾತ್ರ ಉಳಿಯಿತು. ಅವಳು ಕಾರನ್ನು ನೋಡಲು ಹೋಗಿರಲೇ ಇಲ್ಲ. ಸಾಹುಕಾರ ಕೇಳಿದಾಗ ಅವಳು ಕಟ್ಟೆಯನ್ನೊಮ್ಮೆ ಸವರಿದಳು. "ನನ್ನ ಗೆಳತಿ ಅಕ್ಕನ ಮಾರಿ ನೋಡ್ತಾಳಂದ್ರ ನಂದೂ ಒಡೀರಪಾ" ಎಂದಳು.

ಅವರೆಲ್ಲ ಕಾರಿಗೆ ಕೊಟ್ಟರು, ಸಂಕವ್ವ ಗೆಳತಿಗೆ ಕೊಟ್ಟಳು. ಈ ಮಾತು ನೆನಪಿಡಿ.

ಮನೆ ಕಟ್ಟುವ ಗೌಂಡಿ ಹಗ್ಗ ಹಿಡಿದು ಕಾರಿನ ಅಗಲ ಅಳೆದ. ಓಣಿಯ ಅಗಲ ಅಳೆದ. ಎರಡೂ ಕಡೆ ನಾಲ್ಕು ಬೆರಳು ಜಾಗ ಉಳಿಯಿತು. ಸೈ! ಒಳ್ಳೆಯ ದಿನ ನೋಡಿ ಕಾರಿಗೆ ಹೂವಿನ ಹಾರ ಹಾಕಿದರು, ಗಾಲಿಗೆ ನಿಂಬೆಹಣ್ಣು ಇಟ್ಟರು. ಸಾಹುಕಾರ ಹಿಂದೆ ಕುಳಿತ, ಡ್ರೈವರ್ ಮುಂದೆ. ಕಾರು ತನ್ನ ಕನ್ನಡಿಯ ಕಿವಿ ಎರಡನ್ನೂ ಮಡಚಿಕೊಂಡು ಓಣಿಯೊಳಗೆ ಬಂತು. ತಾಯಿ ಹೊಸ ಸೀರೆ ಉಟ್ಟು ಹೊಸ್ತಿಲಲ್ಲಿ ನಿಂತಿದ್ದಳು. ಕಾರಿನ ಮೂಗು ಹೊಸ್ತಿಲಿಗೆ ಬಂದು ನಿಂತಿತು.

ಸಾಹುಕಾರ ಇಳಿಯಲು ಬಾಗಿಲು ನೂಕಿದ. ಗೋಡೆ. ಈ ಕಡೆ ನೂಕಿದ. ಇಲ್ಲೂ ಗೋಡೆ.

ನಗುತ್ತೀರಿ! ಕಾರು ಅಳೆದಿದ್ದರು. ಕಾರಿಗೆ ಬಾಗಿಲು ಇರುತ್ತವೆ, ಬಾಗಿಲು ತೆರೆಯಬೇಕಾಗುತ್ತದೆ ಎಂಬುದನ್ನು ಊರೇ ಮರೆತಿತ್ತು. ಬೆರಗು ಹಾಗೇ ನೋಡಿ, ಅದು ಕಣ್ಣು ತುಂಬುತ್ತದೆ, ತಲೆಯನ್ನು ಖಾಲಿ ಮಾಡುತ್ತದೆ.

ಅದೇ ಹೊತ್ತಿಗೆ ಒಳಗೆ ಫೋನು ಬಂತು. ಸೊಸೆ ಎತ್ತಿಕೊಂಡಳು. ಹಳ್ಳಿಯಿಂದ. "ದೊಡ್ಡವ್ವಗ ಜೋರಾಗೈತಿ. ತಂಗಿ ಬಂದ್ಲೇನು, ತಂಗಿ ಬಂದ್ಲೇನು ಅಂತ ಕೇಳಾಕ್ಹತ್ಯಾಳ. ಲಗೂನ ಬರ್ರಿ."

ಸೊಸೆ ಕೂಗಿ ಹೇಳಿದಳು. ಡ್ರೈವರ್ ಕಾರನ್ನು ಹಿಂದಕ್ಕೆ ತೆಗೆದ. ಓಣಿಯ ನಡುವೆ ಒಂದು ತಿರುವು. ಬರುವಾಗ ಹೇಗೋ ತಪ್ಪಿಸಿಕೊಂಡಿದ್ದ ಮೈ ಈಗ ಗೋಡೆಗೆ ತಾಗಿ ಕರ್‌ ಎಂದಿತು. "ನಿಲ್ಲಸೋ! ಗೀಚು ಬೀಳ್ತೈತಿ!" ಎಂದು ಸಾಹುಕಾರ ಚೀರಿದ. ಮತ್ತೆ ಒಂದು ಗೇಣು ಹಿಂದಕ್ಕೆ. ಮತ್ತೆ ಕರ್‌. ಮತ್ತೆ "ನಿಲ್ಲಸೋ!" ಅಲ್ಲಿ ಅಕ್ಕನ ಉಸಿರು ಹೋಗುತ್ತಿದೆ, ಇಲ್ಲಿ ಮಗ ಬಣ್ಣ ಕಾಯುತ್ತಿದ್ದಾನೆ. ಹೊಸ್ತಿಲಲ್ಲಿ ತಾಯಿ ನಿಂತೇ ಇದ್ದಾಳೆ. ಓಣಿ ತುಂಬ ಕಾರೇ ತುಂಬಿದೆ. ಇನ್ನು ಆಕೆ ಹೋಗುವುದು ಹೇಗೆ?

ಆಗ ಸಂಕವ್ವ ಮಾಳಿಗೆಯ ಮೇಲಿಂದ ಕೂಗಿದಳು: "ಕುರ್ಚಿ ತರ್ರೋ! ಮ್ಯಾಲಿಂದ ದಾಟಸೋಣು!"

ಕೇಳಿ, ಈಗ ನಗಬೇಡಿ. ಕಟ್ಟೆ ಒಡೆದುಕೊಂಡ ಅದೇ ಜನ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸಿದರು. ಒಂದು ಮಾಳಿಗೆಯಿಂದ ಇನ್ನೊಂದು ಮಾಳಿಗೆಗೆ ಹೊತ್ತು ನಡೆದರು. ಸಂಕವ್ವ ಮುಂದೆ ಮುಂದೆ ಒಣಹಾಕಿದ ಮೆಣಸಿನಕಾಯಿ ಸರಿಸಿ ದಾರಿ ಮಾಡುತ್ತಿದ್ದಳು. ಸಾಹುಕಾರ ತಲೆಯ ಮೇಲಿನ ಗಾಜು ಸರಿಸಿ ಹೊರಗೆ ಬರಲು ನೋಡಿದ. ತಲೆ ಬಂತು, ಭುಜ ಬಂತು, ಹೊಟ್ಟೆ ಬರಲಿಲ್ಲ. ಅರ್ಧ ಮೈ ಹೊರಗೆ ಹಾಕಿ ಕತ್ತೆತ್ತಿ ನೋಡಿದರೆ ಮಾಳಿಗೆಯ ಅಂಚಿನಲ್ಲಿ ತಾಯಿ ಹೋಗುತ್ತಿದ್ದಾಳೆ! ಹಿಂದೆ ಬರೀ ಆಕಾಶ. ಕುರ್ಚಿಯ ಕೆಳಗೆ ಅಷ್ಟೊಂದು ಕೈಗಳು. ಇಡೀ ಊರು ಬೆರಗಾಗಿ ನೋಡಿದ ಕಾರಿನೊಳಗೆ ನಿಂತು ಅವನು ಮೊದಲ ಸಲ ಬೆರಗಾದ. ಕೈ ತಾವಾಗಿಯೇ ಮುಗಿದುಕೊಂಡವು.

ಅಗಸಿಯಲ್ಲಿ ಮಾಸ್ತರರ ಸಣ್ಣ ಕಾರು ಬಾಗಿಲು ತೆರೆದು ನಿಂತಿತ್ತು. ತಾಯಿ, ಸೊಸೆ, ಸಂಕವ್ವ ಅದರಲ್ಲಿ ಕುಳಿತರು. ಹೋದರು.

ಅಕ್ಕ ಕಣ್ಣು ಬಿಟ್ಟಳು. ತಂಗಿಯ ಕೈ ಹಿಡಿದಳು. "ಬಂದೇನವ್ವಾ? ನಿನ್ನ ಮೊಣಕಾಲು ನಡ್ಯಾಂಗಿಲ್ಲಲ್ಲ, ಹೆಂಗ ಬಂದಿ? ನಿನ್ನ ಮಗ ದೊಡ್ಡ ಗಾಡಿ ತಗೊಂಡಾನಂತ, ಅದರಾಗ ಬಂದೇನು?"

"ಇಲ್ಲಕ್ಕಾ" ಅಂದಳು ತಂಗಿ. "ಮಂದಿ ಕೈಯಾಗ ಬಂದೆ."

ಬಾಗಿಲಲ್ಲಿ ಮಗ ನಿಂತಿದ್ದ. "ಗೀಚು ಬಿದ್ರ ಬೀಳ್ಲಿ, ತಗಿಯೋ ಹಿಂದಕ್ಕ" ಎಂದು ಕೊನೆಗೂ ಹೇಳಿ, ಎರಡೂ ಕಡೆ ಮೈ ಕೆರೆದ ಕಾರಿನಲ್ಲಿ ಬಂದಿದ್ದ. ತಾಯಿಯ ಆ ಮಾತು ಕೇಳಿ ಅಲ್ಲೇ ಕುಳಿತು ಅತ್ತ. ಅಕ್ಕ ಮರುದಿನ ಬೆಳಗಿನಲ್ಲಿ ಲಿಂಗೈಕ್ಯಳಾದಳು. ಆ ಜನ ಬಣ್ಣ ಕಾಯುತ್ತ ನಿಂತಿದ್ದರೆ ಏನಾಗುತ್ತಿತ್ತು, ನೀವೇ ಹೇಳಿ.

ಮಣ್ಣು ಮುಗಿಸಿ ಬಂದ ಮೇಲೆ ಸಾಹುಕಾರ ಗೌಂಡಿಯನ್ನು ಕರೆಸಿದ. ಮೊದಲು ಸಂಕವ್ವನ ಕಟ್ಟೆ ಎದ್ದಿತು, ಆಮೇಲೆ ಉಳಿದವು. ಕಾರೂ ಬದಲಾಯಿತು. ಈ ಸಲ ಆರಿಸಿದವಳು ಹೆಂಡತಿ, ಅವನು ಬಾಯಿ ತೆರೆಯಲಿಲ್ಲ. ಅದೊಂದು ಪುಣ್ಯದ ಕೆಲಸ, ಗಂಡಂದಿರು ಗಮನಿಸಿರಿ!

ಸ್ವಾಮಿಗಳು ದೊಡ್ಡ ಕಾರು ಬೇಡ ಅಂದರು ಎಂದು ಹೊರಗೆ ಹೋಗಿ ಹೇಳಬೇಡಿ. ನಾನು ಹಾಗೆ ಹೇಳಲಿಲ್ಲ. ದೊಡ್ಡದು ಕೊಳ್ಳಿ, ಸಣ್ಣದು ಕೊಳ್ಳಿ, ನಿಮ್ಮಿಷ್ಟ. ಆದರೆ ಹಗ್ಗ ಹಿಡಿಯುವ ಮೊದಲು ಕೇಳಿಕೊಳ್ಳಿ: ಇದರ ಬಾಗಿಲು ಯಾರಿಗೆ ತೆರೆಯುತ್ತದೆ? ಮನೆಯಲ್ಲಿ ನಡೆಯಲಾರದವರು ಏನು ಕೇಳಿದ್ದರು? ಇದು ಬರಲಿ ಎಂದು ನಾನು ಯಾರ ಕಟ್ಟೆ ಒಡೆಸುತ್ತಿದ್ದೇನೆ? ಕಾರಿನ ಮಾತಷ್ಟೇ ಅಲ್ಲ. ಮಗಳ ಮದುವೆಗೂ ಇದೇ ಮಾತು, ಹೊಸ ಮನೆಗೂ ಇದೇ ಮಾತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹಿರಿಯರು ಸುಮ್ಮನೆ ಅಂದರೇ?

ಕೆಳಗಿನ ಓಣಿಯಿಂದ ಈ ಪ್ರವಚನಕ್ಕೆ ದಿನವೂ ಕೋಲೂರಿಕೊಂಡು ನಡೆದು ಬರುವ ಅಜ್ಜಿಯರಿದ್ದಾರೆ. ಅಲ್ಲಿ ಕಂಬದ ಹತ್ತಿರ ಕುಳಿತಿದ್ದಾರೆ ನೋಡಿ. ಅವರ ಪಕ್ಕದಿಂದಲೇ ನಿಮ್ಮ ಕಾರುಗಳು ಖಾಲಿ ಸೀಟು ಹೊತ್ತು ಹೋಗುತ್ತವೆ. ಮಂಗಳಾರತಿ ಆದ ಮೇಲೆ ಮಠದ ಬಾಗಿಲಲ್ಲಿ ನಾನೇ ನಿಲ್ಲುತ್ತೇನೆ. ಸೀಟು ಖಾಲಿ ಇದ್ದ ಕಾರನ್ನು ಬಿಡುವುದಿಲ್ಲ, ನನ್ನನ್ನು ಕರೆತಂದ ಕಾರನ್ನೂ ಬಿಡುವುದಿಲ್ಲ. ಈಗ ಏಳುವ ಮೊದಲು ಪಕ್ಕದಲ್ಲಿ ಕುಳಿತವರನ್ನು ಒಂದು ಮಾತು ಕೇಳಿ: "ನೀವು ಹೆಂಗ ಬಂದ್ರಿ?"

ನನ್ನ ಮುಖ ಯಾಕೆ ನೋಡುತ್ತೀರಿ? ಕೇಳಿ. ಈಗಲೇ ಕೇಳಿ.