ಯಾರ ಕಡೆಯದು

ಆಸ್ಪತ್ರೆಯ ಔಷಧಿ ಕಿಟಕಿಯ ಸರದಿಯಲ್ಲಿ, ದೇವರ ಹೆಸರು ಹೇಳಿಕೊಳ್ಳುತ್ತಿದ್ದ ಮುದಿ ಮೇಷ್ಟರ ಮುಂದೆ ಅತ್ತೆ, ಸೊಸೆ ನಿಂತಿದ್ದರು. ಸೊಸೆಯ ಹೆಗಲ ಮೇಲೆ ಕತ್ತು ನಿಲ್ಲದ ಆರು ವರ್ಷದ ಮಗಳು.

“ರಿಪೋರ್ಟ್ ನೋಡಿ ಡಾಕ್ಟರು ಏನಂದ್ರು?” ಅತ್ತೆ ಕೇಳಿದರು.

“ಹೊಟ್ಟೇಲಿದ್ದಾಗ ಮಿದುಳಿನ ನರಕೋಶಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಸೇರ್ಬೇಕಂತೆ. ದಾರಿ ತೋರಿಸೋ ಜೀನ್ ಕೆಟ್ಟು, ಅರ್ಧದಲ್ಲೇ ನಿಂತುಬಿಟ್ವಂತೆ.”

“ಬಸುರೀಲಿ ನೀನು ಏಣಿ ಹತ್ತಿದ್ದಕ್ಕೆ ತಾನೆ?”

“ಅಲ್ಲವಂತೆ, ಅತ್ತೆ.”

“ಹಾಗಾದ್ರೆ ಆ ಜೀನು ನಿನ್ನ ತವರಿನ ಕಡೇದು.”

“ನನ್ನ, ನಿಮ್ಮ ಮಗನ ಇಬ್ಬರ ರಕ್ತದಲ್ಲೂ ಇಲ್ಲವಂತೆ. ಇವಳಲ್ಲೇ ಹೊಸದಾಗಿ ಕೆಟ್ಟದ್ದು. ಯಾರ ತಪ್ಪೂ ಅಲ್ಲ.”

ಮೇಷ್ಟರ ತುಟಿ ಅಲ್ಲಾಡುವುದು ನಿಂತಿತು.

“ಆರು ವರ್ಷ ನಿನ್ನನ್ನ ಬಾಯಿಗೆ ಬಂದ ಹಾಗೆ ಬೈದೆನಲ್ಲೇ. ಇನ್ನು ಯಾರನ್ನ ಬೈಲಿ?”

“ನನ್ನನ್ನೇ ಬೈಯಿರಿ, ಅತ್ತೆ. ಅಭ್ಯಾಸ ಆಗಿದೆ.”

ಔಷಧಿ ಬಂತು. ಸೊಸೆ ಮಗಳನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ನಡೆದಳು. ಅತ್ತೆ ಔಷಧಿಯ ಚೀಲ ಎತ್ತಿಕೊಂಡು ಹಿಂದೆ ಹೋದರು.